ಮಿಲಿಮೀಟರ್ ಮೈಮೇಲೆ ಪಿತ್ತದ ಗಂಧೆ

ಅಳತೆ ಮತ್ತು ತೂಕದ ಇಲಾಖೆಯ ಹಿರಿಯ ಪರೀಕ್ಷಕರಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಕಚೇರಿಯಲ್ಲೂ ಬೀದಿಯಲ್ಲೂ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಮಿಲಿಮೀಟರ್ ಎಂದೇ. ಪಕ್ಕದ ಮನೆಯ ಕಾಂಪೌಂಡು ಗೋಡೆ ತಮ್ಮ ಜಾಗಕ್ಕೆ ಹದಿನಾಲ್ಕು ಮಿಲಿಮೀಟರ್ ವಾಲಿದೆ ಎಂದು ಹಿತ್ತಾಳೆಯ ಅಳತೆಪಟ್ಟಿ ಹಿಡಿದುಕೊಂಡು ಹೋಗಿ ಹೇಳಿದ ದಿನ, ಆ ಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಈ ಬಿರುದನ್ನು ದಯಪಾಲಿಸಿದ್ದರು. ಬೀದಿಗೆಲ್ಲ ಅವರು ಟೀಚರಮ್ಮ. ಮೂವತ್ತು ವರ್ಷ ಮಕ್ಕಳಿಗೆ ಅಡ್ಡಹೆಸರಿಟ್ಟ ಕೈ. ಇಟ್ಟದ್ದು ಅಳಿಸಿಹೋದದ್ದೇ ಇಲ್ಲ.

ಮಿಲಿಮೀಟರ್ ಅವರಿಗೆ ಇದ್ದದ್ದು ಒಂದೇ ಹೆಮ್ಮೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಒಂದು ದಿನವೂ ಕಾಯಿಲೆ ರಜೆ ಹಾಕಿರಲಿಲ್ಲ. ಇದನ್ನು ಅವರು ಹೇಳಿಕೊಂಡು ತಿರುಗುವವರಲ್ಲ, ಎದುರಿಗೆ ಕೇಳುವವರು ಯಾರೂ ಇಲ್ಲದಿದ್ದಾಗ. ಯಾರಾದರೂ ಒಂದು ಸೀನು ಸೀನಿದರೆ ಸಾಕು, "ಮಾತ್ರೆ ನುಂಗಿ ನುಂಗಿ ನಿಮ್ಮ ಮೈ ಸೋಮಾರಿ ಆಗಿದೆ ಕಣ್ರೀ. ನನ್ನ ನೋಡಿ" ಎಂದು ಶುರುಮಾಡುತ್ತಿದ್ದರು. ಆ ಭಾಷಣಕ್ಕೆ ಹೆದರಿ ಕಚೇರಿಯಲ್ಲಿ ತಲೆನೋವು ಬಂದವರು ಮಾತ್ರೆಯನ್ನು ಮೆಟ್ಟಿಲ ಕೆಳಗೆ ನಿಂತು ಕದ್ದು ನುಂಗುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಮೇಲಿನ ಕಚೇರಿಯಿಂದ ಪತ್ರ ಬಂತು. ಶನಿವಾರ ಹನ್ನೊಂದು ಗಂಟೆಗೆ ನಿರ್ದೇಶಕರೇ ಖುದ್ದಾಗಿ ಬಂದು, ಇಲಾಖೆಯ ಅತ್ಯಂತ ಆರೋಗ್ಯವಂತ ನೌಕರರೆಂದು ಮಿಲಿಮೀಟರ್ ಅವರನ್ನು ಸನ್ಮಾನಿಸುವರು. ಕುಟುಂಬ ಸಮೇತ ಹಾಜರಿರತಕ್ಕದ್ದು. ಆ ಪತ್ರವನ್ನು ಮಿಲಿಮೀಟರ್ ಹೆಂಡತಿಗೆ ಮೂರು ಸಲ, ಟೀಚರಮ್ಮನವರಿಗೆ ವಾಲಿದ ಗೋಡೆಯ ಮೇಲಿಂದ ಎರಡು ಸಲ, ದೂರದಲ್ಲಿದ್ದ ಅಕ್ಕನಿಗೆ ಫೋನಿನಲ್ಲಿ ಒಂದು ಸಲ ಓದಿ ಹೇಳಿದರು.

ಮಂಗಳವಾರ ಬೆಳಗ್ಗೆ ಮಿಲಿಮೀಟರ್ ಏಳುವ ಮೊದಲೇ ಅವರ ಚರ್ಮ ಎದ್ದಿತ್ತು.

ಎಡಗೈ, ಹೊಟ್ಟೆ, ಕುತ್ತಿಗೆಯ ಹಿಂಭಾಗ, ಎಲ್ಲಿ ನೋಡಿದರೂ ಕೆಂಪಗೆ ಉಬ್ಬಿದ, ನಡುವೆ ತುಸು ಬಿಳಿಚಿಕೊಂಡ ದದ್ದುಗಳು. ಕೆಲವು ಬಟಾಣಿಯಷ್ಟು, ಕೆಲವು ಅಕ್ಕಪಕ್ಕದವನ್ನು ಸೇರಿಸಿಕೊಂಡು ಅಂಗೈಯಗಲ. ತುರಿಕೆಯಂತೂ ಒಂದು ಕಡೆ ಕೆರೆದರೆ ಮೂರು ಕಡೆಯಿಂದ ಅರ್ಜಿ ಬರುವಂಥದ್ದು.

ಹೆಂಡತಿ ಹತ್ತಿರ ಬಂದು, ಒಂದು ದದ್ದಿನ ಮೇಲೆ ಬೆರಳಿಟ್ಟು ಒತ್ತಿದರು. ಅದು ಬೆಳ್ಳಗಾಗಿ ಮತ್ತೆ ಕೆಂಪಾಯಿತು.

"ಪಿತ್ತದ ಗಂಧೆ ರೀ ಇದು. ನನ್ನ ತಂಗಿಗೂ ಹೀಗೇ ಆಗಿತ್ತು. ಡಾಕ್ಟರ ಹತ್ರ ಹೋಗಿ ಒಂದು ಮಾತ್ರೆ ತಗೊಂಡ್ರೆ ಮುಗೀತು."

"ಮಾತ್ರೆ! ಶನಿವಾರ ನಿರ್ದೇಶಕರು ಬರ್ತಿದ್ದಾರೆ, ನೀನು ನನಗೆ ಮಾತ್ರೆ ನುಂಗು ಅಂತೀಯಲ್ಲ! ಇದು ಸೊಳ್ಳೆ ಕಚ್ಚಿರೋದು."

"ಅಂಗೈಯಗಲ ಕಚ್ಚೋ ಸೊಳ್ಳೆಗೆ ಬಾಯಿ ಎಷ್ಟಗಲ ಇರ್ಬೇಕು? ಅಳತೆ ಹಾಕಿ ಹೇಳಿ."

ಮಿಲಿಮೀಟರ್ ಸೀದಾ ಬಚ್ಚಲಿಗೆ ನಡೆದರು. ಮೈ ಸುಡುವಷ್ಟು ಬಿಸಿ ನೀರು ಸುರಿದುಕೊಂಡರು, ದದ್ದುಗಳು ಇಮ್ಮಡಿಯಾದವು. ಹಿತ್ತಾಳೆಯ ಅಳತೆಪಟ್ಟಿಯ ಅಂಚಿನಿಂದ ಬೆನ್ನು ಕೆರೆದುಕೊಂಡರು. ಕೆರೆದಲ್ಲೆಲ್ಲ ಪಟ್ಟಿಯ ಅಗಲಕ್ಕೆ ಸರಿಯಾಗಿ ಇನ್ನೊಂದು ಗೆರೆ ಎದ್ದಿತು. ಕೊನೆಗೆ, ಆ ಸೆಖೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕುವ ಉಣ್ಣೆಯ ಕೋಟು ಏರಿಸಿಕೊಂಡು ಹೊರಟರು. ಪಿತ್ತದ ಗಂಧೆಗೆ ಬಿಸಿನೀರು, ಬೆವರು, ಬಿಗಿ ಬಟ್ಟೆ ಮೂರೂ ಆಗದು. ಮೂರನ್ನೂ ಒಂದೇ ಮುಂಜಾನೆ ಒದಗಿಸಿಕೊಟ್ಟ ರೋಗಿ ಇನ್ನೊಬ್ಬರಿರಲಿಕ್ಕಿಲ್ಲ.

ಗೇಟಿನ ಬಳಿ ಟೀಚರಮ್ಮ ಗಿಡಕ್ಕೆ ನೀರು ಹಾಕುತ್ತಿದ್ದರು.

"ಏನು, ಈ ಸೆಖೇಲಿ ಕೋಟು?"

"ಸನ್ಮಾನಕ್ಕೆ ಅಭ್ಯಾಸ ಮಾಡ್ಕೋತಿದೀನಿ."

"ಕೆನ್ನೆ ಯಾಕೆ ಕೆಂಪಾಗಿದೆ?"

"ಆರೋಗ್ಯ, ಟೀಚರಮ್ಮ. ಆರೋಗ್ಯ!" ಎಂದು ಮಿಲಿಮೀಟರ್ ನಗುತ್ತಾ ಗೇಟಿನ ಕಂಬಕ್ಕೆ ಬೆನ್ನು ಉಜ್ಜಿದರು. ಟೀಚರಮ್ಮ ನೀರಿನ ಪೈಪನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಕಾಲು ಗಂಟೆಯಲ್ಲಿ ಬೀದಿಯ ಕೊನೆಯ ಮನೆಗೂ ಸುದ್ದಿ ಮುಟ್ಟಿತು.

ಕಚೇರಿಯಲ್ಲಿ ಮಿಲಿಮೀಟರ್ ಒಂದೂವರೆ ಗಂಟೆ ತಡೆದರು. ಆಮೇಲೆ ಅಂಗಡಿಯವರೊಬ್ಬರ ತಕ್ಕಡಿಯನ್ನು ಪರೀಕ್ಷಿಸಲು ತೋಳು ಮೇಲೆ ಮಾಡಬೇಕಾಯಿತು. ತೋಳು ಕಂಡ ಜವಾನ ಕೈಯಲ್ಲಿದ್ದ ಟೀ ತಟ್ಟೆಯನ್ನು ಅಲ್ಲೇ ಬಿಟ್ಟು ಸಾಹೇಬರ ಕೋಣೆಗೆ ಓಡಿದ. ಸಾಹೇಬರೆಂದರೆ ಕಚೇರಿಯ ಮುಖ್ಯಸ್ಥರು. ಬಾಗಿಲನ್ನು ಒಂದು ಅಂಗುಲ ತೆರೆದು, ಮೂಗಿಗೆ ಕರವಸ್ತ್ರ ಹಿಡಿದು, ಅಲ್ಲಿಂದಲೇ ವಿಚಾರಣೆ ನಡೆಸಿದರು.

"ಏನ್ರೀ ಅದು?"

"ಏನೂ ಇಲ್ಲ ಸಾರ್."

"ಏನೂ ಇಲ್ಲದ್ದು ಅಷ್ಟು ಕೆಂಪಗಿರುತ್ತೇನ್ರೀ? ಅಂಟುರೋಗ ಆಗಿದ್ರೆ? ಡಾಕ್ಟರ ಹತ್ರ ಹೋಗಿ ಇದು ಅಂಟಲ್ಲ ಅಂತ ಬರೆಸ್ಕೊಂಡು ಬನ್ನಿ. ಅಲ್ಲೀವರೆಗೂ ರಜೆ ಹಾಕಿ ಮನೇಲಿರಿ."

"ರಜೆ ಹಾಕಿದ್ರೆ ಸನ್ಮಾನ ಹೋಗುತ್ತೆ ಸಾರ್!"

ಸಾಹೇಬರು ಯೋಚಿಸಿದರು. ಸನ್ಮಾನ ಹೋದರೆ ನಿರ್ದೇಶಕರ ಭೇಟಿಯೂ ಹೋಗುತ್ತದೆ. ಭೇಟಿ ಹೋದರೆ ತಮ್ಮ ಬಡ್ತಿಯ ಮಾತು ತೆಗೆಯುವುದು ಯಾರ ಮುಂದೆ? ಐದು ನಿಮಿಷದಲ್ಲಿ ಆಡಳಿತದ ಇತಿಹಾಸದಲ್ಲೇ ಇಲ್ಲದ ಒಂದು ಆದೇಶ ಹೊರಬಿತ್ತು. ಹಿರಿಯ ಪರೀಕ್ಷಕರು ಕಚೇರಿಗೆ ಹಾಜರಾಗಬೇಕು, ಆದರೆ ಕಚೇರಿಯ ಒಳಗೆ ಬರಬಾರದು. ಜಗಲಿಯಲ್ಲಿ, ಬಾಗಿಲಿನಿಂದ ಎರಡು ಮೀಟರ್ ದೂರದಲ್ಲಿ, ಒಂದು ಸ್ಟೂಲು ಹಾಕಲಾಯಿತು. ಆ ಎರಡು ಮೀಟರನ್ನು ಅಳೆದುಕೊಟ್ಟವರು ಮಿಲಿಮೀಟರ್ ಅವರೇ. ಬೇರೆಯವರ ಅಳತೆಯಲ್ಲಿ ಅವರಿಗೆ ನಂಬಿಕೆ ಇರಲಿಲ್ಲ.

ಅದೇ ಸಂಜೆ ಹೆಂಡತಿ ಅವರನ್ನು ಚರ್ಮದ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದರು. ಸರದಿ ಬರುವ ಹೊತ್ತಿಗೆ, ವಿಚಿತ್ರವೆಂದರೆ, ಮೈಮೇಲೆ ಒಂದು ದದ್ದೂ ಇರಲಿಲ್ಲ. ಚರ್ಮ ಒಗೆದು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಿತ್ತು.

"ಏನಾಗ್ತಿದೆ?" ಎಂದರು ಡಾಕ್ಟರಮ್ಮ.

"ಏನೂ ಆಗ್ತಿಲ್ಲ."

"ಮತ್ತೆ ಬಂದಿದ್ದು?"

"ಅದು ಅಂಟಲ್ಲ ಅಂತ ಬರೆಸ್ಕೊಂಡು ಹೋಗೋಕೆ."

"ಯಾವುದು?"

"ಆಗದೇ ಇರೋದು."

ಡಾಕ್ಟರಮ್ಮ ಕನ್ನಡಕ ತೆಗೆದು ಹೆಂಡತಿಯ ಕಡೆ ನೋಡಿದರು. ಹೆಂಡತಿ ಬೆಳಗಿನ ಕಥೆಯನ್ನು ಬಿಸಿನೀರು, ಕೋಟು ಸಮೇತ ಹೇಳಿದರು.

"ಬೆಳಗ್ಗೆ ಎದ್ದು ಸಂಜೆಗೆ ಗುರುತಿಲ್ಲದೆ ಹೋಗೋದೇ ಇದರ ಗುರುತು," ಎಂದರು ಡಾಕ್ಟರಮ್ಮ. "ಒಂದು ದದ್ದು ಒಂದು ದಿನಕ್ಕಿಂತ ಹೆಚ್ಚು ಒಂದೇ ಕಡೆ ಇರಲ್ಲ. ಇಲ್ಲಿ ಅಡಗುತ್ತೆ, ಅಲ್ಲಿ ಏಳುತ್ತೆ. ಅನುಮಾನ ಇದ್ರೆ ನಾಳೆ ಎದ್ದಾಗ ಸುತ್ತ ಪೆನ್ನಲ್ಲಿ ಗೆರೆ ಹಾಕಿ, ಗಂಟೆ ಬರ್ಕೊಳ್ಳಿ. ಅಂಟುರೋಗ ಅಲ್ಲವೇ ಅಲ್ಲ. ದಿನಕ್ಕೊಂದು ಮಾತ್ರೆ, ತಪ್ಪಿಸ್ಬೇಡಿ. ತಣ್ಣನೆ ಒದ್ದೆ ಬಟ್ಟೆ ಇಡಿ, ಕೆರೀಬೇಡಿ, ಸಡಿಲವಾದ ಹತ್ತಿ ಬಟ್ಟೆ ಹಾಕ್ಕೊಳ್ಳಿ."

"ಯಾತರಿಂದ ಬಂತು ಡಾಕ್ಟ್ರೇ?"

"ಹೊಸ ಔಷಧಿ, ಹೊಸ ತಿಂಡಿ, ಜ್ವರ ಏನಾದ್ರೂ ಇತ್ತಾ? ಇಲ್ವಾ? ಹಾಗಾದ್ರೆ ಬಹುಶಃ ಗೊತ್ತಾಗೋದೇ ಇಲ್ಲ. ಎಷ್ಟೋ ಜನರಿಗೆ ಕಾರಣ ಸಿಗೋದೇ ಇಲ್ಲ. ಆದ್ರೆ ಒಂದು ಮಾತು ನೆನಪಿಡಿ." ಡಾಕ್ಟರಮ್ಮ ಹೆಂಡತಿಗೇ ಹೇಳಿದರು, ನೆನಪಿಡುವವರು ಯಾರೆಂದು ಅವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು. "ತುಟಿ ಊದಿದ್ರೆ, ನಾಲಿಗೆ ದಪ್ಪ ಆದ್ರೆ, ಉಸಿರು ಕಟ್ಟಿದ್ರೆ, ತಲೆ ಸುತ್ತಿದ್ರೆ, ಒಂದು ನಿಮಿಷಾನೂ ಕಾಯದೆ ಸೀದಾ ದೊಡ್ಡಾಸ್ಪತ್ರೆಗೆ ಹೋಗ್ಬೇಕು."

ಆಮೇಲೆ ಚೀಟಿಯಲ್ಲಿ ಎರಡು ಸಾಲು ಬರೆದರು. ಮೊದಲನೆಯದು: ಇವರಿಗೆ ಪಿತ್ತದ ಗಂಧೆ ಆಗಿದೆ. ಎರಡನೆಯದು: ಇದು ಅಂಟುರೋಗವಲ್ಲ.

ಮಿಲಿಮೀಟರ್ ಮುಖ ಸಪ್ಪಗಾಯಿತು. "ಮೇಲಿನ ಸಾಲು ಬಿಟ್ಟು ಕೆಳಗಿನದು ಮಾತ್ರ ಬರೆದುಕೊಡೋಕಾಗುತ್ತಾ ಡಾಕ್ಟ್ರೇ?"

"ಕಾಯಿಲೆ ಯಾವುದು ಅಂತ ಬರೀದೆ ಅಂಟಲ್ಲ ಅಂತ ಬರೆದ್ರೆ, ಓದಿದವರು ನನ್ನ ತಲೆ ಪರೀಕ್ಷೆ ಮಾಡಿಸ್ತಾರೆ. ಮುಂದಿನವರು ಬನ್ನಿ!"

ಅವರನ್ನು ಸ್ಟೂಲಿನಿಂದ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಬಲ್ಲ ಕಾಗದ ಈಗ ಕೈಯಲ್ಲೇ ಇತ್ತು. ಆದರೆ ಅದರಲ್ಲಿ ಕಾಯಿಲೆ ಎಂಬ ಕಪ್ಪುಚುಕ್ಕೆಯೂ ಇತ್ತು. ಮಿಲಿಮೀಟರ್ ಅದನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ತುರುಕಿದರು. ಮಾತ್ರೆಗಳನ್ನು ಹೆಂಡತಿ ದಿನವೂ ನೀರಿನ ಲೋಟದ ಜೊತೆ ಕೊಟ್ಟರು. ಅವರು ದಿನವೂ ನೀರು ಕುಡಿದರು, ಮಾತ್ರೆಯನ್ನು ಕಿಟಕಿಯಾಚೆಯ ಗಿಡಕ್ಕೆ ಹಾಕಿದರು. ಗಿಡಕ್ಕೆ ದದ್ದು ಏಳಲಿಲ್ಲ.

ಬುಧವಾರ ಸಾಹೇಬರು ಕೇಳಿದರು, "ಸಿಕ್ತೇನ್ರೀ ಚೀಟಿ?"

"ಡಾಕ್ಟ್ರು ಊರಲ್ಲಿಲ್ಲ ಸಾರ್."

ಹೀಗೆ ಮೂರು ದಿನ ಇಲಾಖೆಯ ಕೆಲಸ ಜಗಲಿಯಲ್ಲಿ ನಡೆಯಿತು. ಜವಾನ ಕಡತಗಳನ್ನು ಮೀಟರ್ ಉದ್ದದ ಮರದ ಪಟ್ಟಿಯಿಂದ ನೆಲದ ಮೇಲೆ ತಳ್ಳುತ್ತಿದ್ದ. ಮಿಲಿಮೀಟರ್ ಸಹಿ ಹಾಕಿ ಕಾಲಿನಿಂದ ಹಿಂದಕ್ಕೆ ನೂಕುತ್ತಿದ್ದರು. ತಕ್ಕಡಿ ಪರೀಕ್ಷೆಗೆ ತಂದ ಅಂಗಡಿಯವರು ದೂರದಿಂದಲೇ ಅದನ್ನು ಎತ್ತಿ ತೋರಿಸಿ, "ಸರಿಯಾಗಿದೆ ಅಲ್ವಾ ಸಾರ್?" ಎನ್ನುತ್ತಿದ್ದರು. ಅಷ್ಟು ದೂರದಿಂದ ಯಾವ ತಕ್ಕಡಿಯಲ್ಲೂ ತಪ್ಪು ಕಾಣುವುದಿಲ್ಲ. ಆ ವಾರ ಪಾಸಾದ ತಕ್ಕಡಿಗಳಷ್ಟು ಹಿಂದೆಂದೂ ಪಾಸಾಗಿರಲಿಲ್ಲ. ಮಿಲಿಮೀಟರ್ ಅವರ ಕಾಯಿಲೆ ಹೀಗೇ ಮುಂದುವರಿಯಲಿ ಎಂದು ವರ್ತಕರೆಲ್ಲ ಮನಸಾರೆ ಹಾರೈಸಿದರು.

ಡಾಕ್ಟರಮ್ಮ ಹೇಳಿದ ಮಾತುಗಳಲ್ಲಿ ಮಿಲಿಮೀಟರ್ ಪಾಲಿಸಿದ್ದು ಒಂದೇ, ಪೆನ್ನಿನದು. ಅದು ಅಳತೆಯ ಕೆಲಸ. ಎದ್ದ ಪ್ರತಿಯೊಂದು ದದ್ದಿಗೂ ಸುತ್ತ ಗೆರೆ ಎಳೆದು, ಕ್ರಮಸಂಖ್ಯೆ, ಗಂಟೆ, ಅಗಲ ಬರೆದರು. ಗುರುವಾರದ ಹೊತ್ತಿಗೆ ಎರಡೂ ತೋಳು ಭೂಪಟದಂತಾಗಿದ್ದವು. ದದ್ದುಗಳು ಮಾತ್ರ ಗೆರೆಯೊಳಗೆ ನಿಲ್ಲದೆ ಬೇರೆ ಕಡೆಗೆ ವರ್ಗವಾಗಿ ಹೋಗುತ್ತಿದ್ದವು.

ತೋಳನ್ನು ಕಂಡ ಟೀಚರಮ್ಮ ಎದೆ ಹಿಡಿದುಕೊಂಡರು. ಎದುರು ಮನೆಯವರಿಗೆ ಹೇಳಿದರು, "ಮೈಮೇಲೆ ನಂಬರ್ ಹಾಕಿದ್ದಾರೆ ಕಣ್ರೀ! ಆಸ್ಪತ್ರೆಯಿಂದ ತಪ್ಪಿಸ್ಕೊಂಡು ಬಂದಿರ್ಬೇಕು. ಮೂವತ್ತೇಳನೇ ನಂಬರ್, ನಾನೇ ಕಣ್ಣಾರೆ ಓದಿದೆ." ಅಂದರೆ ಇನ್ನೂ ಮೂವತ್ತಾರು ಜನ ಎಲ್ಲೋ ಇದ್ದಾರೆ ಎಂದು ಎದುರು ಮನೆಯವರು ಲೆಕ್ಕ ಹಾಕಿ ಕಿಟಕಿ ಮುಚ್ಚಿದರು.

ಶುಕ್ರವಾರ ಸಂಜೆ ಅಕ್ಕನ ಫೋನು ಬಂತು. ಅಷ್ಟು ದೂರಕ್ಕೆ ಸುದ್ದಿ ಹೇಗೆ ಹೋಯಿತೋ, ಟೀಚರಮ್ಮನವರನ್ನೇ ಕೇಳಬೇಕು.

"ನಿನ್ನ ಹೆಂಡ್ತಿ ಬಟ್ಟೆಗೆ ಯಾವ ಸೋಪು ಹಾಕ್ತಾಳೆ ಕೇಳು. ಅದರಿಂದಲೇ ಬಂದಿರೋದು!"

ಹೆಂಡತಿ ಅಡುಗೆಮನೆಯಿಂದಲೇ ಕೂಗಿದರು, "ಹೋದ ತಿಂಗಳು ನಿಮ್ಮಕ್ಕ ಕಳಿಸಿದ ಶರಟಿಂದ ಬಂದಿರೋದು ಅಂತ ಹೇಳಿ!"

"ಏನಂದ್ಳು?"

"ನೀನು ಚೆನ್ನಾಗಿದೀಯಾ ಅಂತ ಕೇಳಿದ್ಳು ಅಕ್ಕ."

ಕಾರಣ ಸಿಗದ ಕಾಯಿಲೆಯಲ್ಲಿ ಇದೊಂದು ಅನುಕೂಲ: ಪ್ರತಿಯೊಬ್ಬರೂ ತಮಗೆ ಆಗದವರನ್ನು ಕಾರಣ ಮಾಡಿಕೊಳ್ಳಬಹುದು.

ಶನಿವಾರ ಬಂತು. ಮೇಲಿನ ಮಹಡಿಯ ಸಭಾಂಗಣದಲ್ಲಿ ಕುರ್ಚಿ ಹಾಕಿ, ವೇದಿಕೆಗೆ ಬಟ್ಟೆ ಹೊದಿಸಿದ್ದರು. ಮಿಲಿಮೀಟರ್ ಎಂದಿನಂತೆ ಸ್ಟೂಲಿನ ಮೇಲೆ ಕೂತಿದ್ದರು. ಸಾಹೇಬರು ಹೊರಗೆ ಬಂದು ಅವರ ತೋಳು ಹಿಡಿದು ಎಬ್ಬಿಸಿದರು.

"ಏಳ್ರೀ. ಹನ್ನೊಂದು ಗಂಟೆಯಿಂದ ಒಂದು ಗಂಟೆವರೆಗೆ ನಿಮಗೆ ಏನೂ ಆಗಿಲ್ಲ."

"ಒಂದು ಗಂಟೆ ಮೇಲೆ ಸಾರ್?"

"ನಿರ್ದೇಶಕರು ಹೋದ್ಮೇಲೆ ಮತ್ತೆ ಅಂಟುತ್ತೆ."

ನಿರ್ದೇಶಕರು ಇಪ್ಪತ್ತು ನಿಮಿಷ ಮಾತಾಡಿದರು. ನೌಕರರು ಯಂತ್ರದಂತೆ ಇರಬೇಕು ಎಂದರು. ಯಂತ್ರಕ್ಕೆ ಜ್ವರ ಬರುತ್ತದೆಯೇ, ಯಂತ್ರ ರಜೆ ಕೇಳುತ್ತದೆಯೇ ಎಂದು ಸಭೆಯನ್ನು ಕೇಳಿದರು. ಕೋಟಿನೊಳಗೆ ಯಂತ್ರ ಬೆವೆತು, ತುರಿಸಿಕೊಳ್ಳಲಾಗದೆ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಂತಿತ್ತು. ಆಮೇಲೆ ನಿರ್ದೇಶಕರು ಫಲಕವನ್ನು ಕೈಗೆತ್ತಿಕೊಂಡು, ಕೊಡುವ ಮೊದಲು ಎರಡು ಮಾತಾಡಿ ಎಂದು ಅಪ್ಪಣೆ ಕೊಟ್ಟರು.

ಮಿಲಿಮೀಟರ್ ಮೈಕಿನ ಮುಂದೆ ಹೋದರು. ನಾಲ್ಕು ದಿನದಿಂದ ಬಾಯಿಪಾಠ ಮಾಡಿದ ಭಾಷಣ.

"ವಾನ್ಯ ನಿರ್ದೇಶಕರೇ, ನಾನು ಒಂದು ವಾತ್ರೆಯನ್ನೂ ವುಟ್ಟಿದವನಲ್ಲ..."

ನಿರ್ದೇಶಕರು ಸಾಹೇಬರ ಕಿವಿಯಲ್ಲಿ, "ಪಾಪ, ಗಂಟಲು ಕಟ್ಟಿದೆ. ಭಾವುಕರಾಗಿಬಿಟ್ಟಿದ್ದಾರೆ" ಎಂದರು. ಸಾಹೇಬರು ಚಪ್ಪಾಳೆ ಶುರುಮಾಡಿದರು. ಮಿಲಿಮೀಟರ್ ಮುಂದುವರಿಸಿದರು: "ನನ್ನ ವೈ ನನ್ನ ವಾತು ಕೇಳುತ್ತದೆ..." ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಒಬ್ಬರಂತೂ ಕಣ್ಣೊರೆಸಿಕೊಂಡರು.

ಚಪ್ಪಾಳೆ ತಟ್ಟದೆ ಎದ್ದು ನಿಂತವರು ಒಬ್ಬರೇ. ಮೂರನೆಯ ಸಾಲಿನಲ್ಲಿದ್ದ ಹೆಂಡತಿ ಕುರ್ಚಿಗಳ ನಡುವೆ ನುಗ್ಗಿ ವೇದಿಕೆ ಹತ್ತಿದರು. ಗಂಡನ ಮೇಲ್ತುಟಿ ಮೂಗಿಗೆ ತಾಗುವಷ್ಟು ಊದಿತ್ತು.

"ನಾಲಿಗೆ ಹೊರಗೆ ಹಾಕಿ!"

"ನಿರ್ದೇಶಕರ ವುಂದೆ..."

"ಹಾಕ್ರೀ ಅಂದೆ!"

ಮಿಲಿಮೀಟರ್ ನಾಲಿಗೆ ಹೊರಚಾಚಿದರು. ಎದುರಿಗೆ, ಫಲಕ ಹಿಡಿದು ನಗುತ್ತಾ, ನಿರ್ದೇಶಕರು ನಿಂತಿದ್ದರು. ಇಲಾಖೆಯ ಛಾಯಾಗ್ರಾಹಕ ಹೇಳಿಸಿಕೊಳ್ಳದೆ ಕೆಲಸ ಮಾಡುವ ಮನುಷ್ಯ; ಕ್ಯಾಮೆರಾ ಕ್ಲಿಕ್ ಎಂದಿತು.

"ನಾಲಿಗೆನೂ ಊದಿದೆ. ಉಸಿರಾಡೋಕೆ ಆಗ್ತಿದೆಯಾ?"

ಮಿಲಿಮೀಟರ್ ಗಂಟಲು ಮುಟ್ಟಿ ಇಲ್ಲವೆಂದು ತಲೆಯಾಡಿಸಿದರು. ಆ ಹೊತ್ತಿಗೆ ಅವರ ಕಣ್ಣಿನಲ್ಲಿ ಸನ್ಮಾನ ಇರಲಿಲ್ಲ, ಹೆದರಿಕೆ ಇತ್ತು. ಹೆಂಡತಿ ಕೋಟಿನ ಗುಂಡಿಗಳನ್ನು ಪಟಪಟನೆ ಬಿಚ್ಚಿದರು. ಒಳಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ಕೆಳಗೆ ಬಿತ್ತು.

"ನಾಲ್ಕು ದಿನ ಇದನ್ನ ಜೇಬಲ್ಲಿಟ್ಕೊಂಡು ಹೊರಗೆ ಕೂತಿದ್ರಾ?" ಎಂದು ಅದನ್ನು ಎತ್ತಿ ಸಾಹೇಬರ ಕೈಗೆ ತುರುಕಿದರು. "ಓದಿ. ಕೆಳಗೆ ಯಾವ ಗಾಡಿ ಇದೆ?"

"ನಿರ್ದೇಶಕರ ಕಾರು ಮಾತ್ರ. ಆದ್ರೆ ಅದು ನಿರ್ದೇಶಕರ..."

"ಓಡುತ್ತೆ ತಾನೇ?"

ನಿರ್ದೇಶಕರು ಫಲಕವನ್ನು ಎದೆಗೆ ಅಡ್ಡ ಹಿಡಿದುಕೊಂಡು ಗೋಡೆಗೆ ಒತ್ತಿ ದಾರಿ ಬಿಟ್ಟರು. ಗಂಡ ಹೆಂಡತಿ ಮೆಟ್ಟಿಲಿಳಿದು ಕಾರಿನಲ್ಲಿ ಕೂತರು. ಸರ್ಕಾರಿ ಕಾರು ಆಸ್ಪತ್ರೆಯನ್ನು ಏಳೇ ನಿಮಿಷದಲ್ಲಿ ತಲುಪಿತು. ದಾರಿಯುದ್ದಕ್ಕೂ ಮಿಲಿಮೀಟರ್ ಹೆಂಡತಿಯ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ಆ ಹಿಡಿತದ ಬಿಗಿಯನ್ನು ಅಳೆಯುವ ಉಪಕರಣ ಇಲಾಖೆಯಲ್ಲಿ ಇಲ್ಲ.

ದೊಡ್ಡಾಸ್ಪತ್ರೆಯಲ್ಲಿ ಬಾಗಿಲಲ್ಲೇ ಚುಚ್ಚುಮದ್ದು ಕೊಟ್ಟು, ಮಲಗಿಸಿ, ಮೂಗಿಗೆ ನಳಿಕೆ ಇಟ್ಟರು. ಮಧ್ಯಾಹ್ನ ಮೂರರ ಹೊತ್ತಿಗೆ ಗಂಟಲು ಸಡಿಲವಾಯಿತು, ತುಟಿ ಇಳಿಯಿತು, 'ಮ'ಕಾರ ಮರಳಿ ಬಂತು. ಮೊದಲು ಹೊರಟ ಮಾತು, "ಮಾತ್ರೆ ಎಲ್ಲಿದೆ?"

"ಗಿಡದ ಬುಡದಲ್ಲಿ," ಎಂದರು ಹೆಂಡತಿ. ಆ ಬೆಳಗ್ಗೆಯಷ್ಟೇ ಅದು ಅವರ ಕಣ್ಣಿಗೆ ಬಿದ್ದಿತ್ತು. ಹೊಸ ಮಾತ್ರೆಯನ್ನು ಬಾಯಿಗೆ ಹಾಕಿ, ನುಂಗುವವರೆಗೂ ಗಂಟಲನ್ನೇ ನೋಡುತ್ತಾ ನಿಂತರು.

ನಾಲ್ಕು ಗಂಟೆಗೆ ಸಾಹೇಬರು ಬಂದರು. ಹಣ್ಣು ತಂದಿರಲಿಲ್ಲ, ರಜೆ ಅರ್ಜಿಯ ನಮೂನೆ ತಂದಿದ್ದರು.

"ಹನ್ನೊಂದು ಐವತ್ತರಿಂದ ಗೈರುಹಾಜರಿ ಆಗಿದೀರಿ. ಇಲ್ಲಿ ಸಹಿ ಹಾಕಿ."

"ಸನ್ಮಾನ ಏನಾಯ್ತು ಸಾರ್?"

"ನಿರ್ದೇಶಕರು ಬಂದದ್ದು ದಂಡ ಆಗಬಾರದಲ್ವಾ? ಪಟ್ಟೀಲಿ ಎರಡನೆಯವರಿಗೆ ಕೊಟ್ವಿ. ಉಗ್ರಾಣದ ಗುಮಾಸ್ತರಿಗೆ."

ಉಗ್ರಾಣದ ಗುಮಾಸ್ತರೂ ಹದಿನೆಂಟು ವರ್ಷದಿಂದ ಕಾಯಿಲೆ ರಜೆ ಹಾಕಿರಲಿಲ್ಲ. ಸೋಮವಾರವೇ ಇಡೀ ವಾರದ ಸಹಿ ಹಾಕಿ ಮನೆಗೆ ಹೋಗಿಬಿಡುತ್ತಿದ್ದುದರಿಂದ ಅವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಶನಿವಾರವೂ ಅವರು ಇರಲಿಲ್ಲ. ಫಲಕವನ್ನು ಜವಾನ ಅವರ ಪರವಾಗಿ ಸ್ವೀಕರಿಸಿದ.

ಮಿಲಿಮೀಟರ್ ನಮೂನೆಯನ್ನು ಎರಡು ಸಲ ಓದಿದರು. ಆಮೇಲೆ ಸಹಿ ಹಾಕಿದರು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಡಾಕ್ಟರಮ್ಮ ಒಂದು ವಾರದ ವಿಶ್ರಾಂತಿ ಬರೆದರು.

ಮೊದಲನೆಯ ದಿನ ಮಿಲಿಮೀಟರ್ ಶಿಕ್ಷೆಗೆ ಒಳಗಾದವರಂತೆ ಗೋಡೆ ನೋಡುತ್ತಾ ಮಲಗಿದರು. ಎರಡನೆಯ ದಿನ, ಬೆಳಗ್ಗೆ ಹತ್ತು ಗಂಟೆಗೆ ತಮ್ಮ ಮನೆಯ ಹಜಾರಕ್ಕೆ ಚೆಂದದ ಬಿಸಿಲು ಬರುತ್ತದೆ ಎಂದು ಕಂಡುಹಿಡಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಹೊತ್ತಿನಲ್ಲಿ ಅವರು ಮನೆಯಲ್ಲಿ ಇದ್ದದ್ದೇ ಅಪರೂಪ. ಊಟವಾದ ಮೇಲೆ ನಿದ್ದೆ ಮಾಡಬಹುದು ಎಂಬುದೂ ತಿಳಿಯಿತು. ಮೂರನೆಯ ದಿನಕ್ಕೆ ಮಾತ್ರೆ ಕೆಲಸ ಮಾಡಿ ತುರಿಕೆ ಪೂರ್ತಿ ನಿಂತಿತು. ಕೆರೆಯುವ ಕೆಲಸ ತಪ್ಪಿದ ಕೈಗಳು ಬೇರೆ ಕೆಲಸ ಹುಡುಕಿದವು. ಮಿಲಿಮೀಟರ್ ಅಡುಗೆಮನೆಗೆ ನುಗ್ಗಿದರು.

"ಇದು ಕಾಲು ಲೀಟರ್ ಲೋಟ ಅಂತ ನಿನಗೆ ಯಾರು ಹೇಳಿದ್ರು? ಇನ್ನೂರ ಮೂವತ್ತೊಂದು ಮಿಲಿಲೀಟರ್!"

"ಹದಿನೈದು ವರ್ಷದಿಂದ ಅದರಲ್ಲೇ ಕಾಫಿ ಕುಡೀತಿದೀರಿ."

"ಹದಿನೈದು ವರ್ಷದಿಂದ ನನಗೆ ಮೋಸ ಆಗಿದೆ!"

ನಾಲ್ಕನೆಯ ದಿನ ಸಕ್ಕರೆ ಡಬ್ಬಿಯ ಚಮಚವನ್ನು ವಶಪಡಿಸಿಕೊಂಡರು. ಐದನೆಯ ದಿನ ಬದನೆಕಾಯಿ ಹೋಳುಗಳು ಒಂದೇ ಅಳತೆಯಲ್ಲಿಲ್ಲ ಎಂದು ಹೆಂಡತಿಗೆ ತೋರಿಸಿಕೊಟ್ಟರು. ಆರನೆಯ ದಿನ ಅಡುಗೆಮನೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದರು. ಏಳನೆಯ ದಿನ ಹೆಂಡತಿ ಅವರಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಡಾಕ್ಟರಮ್ಮನ ಬಳಿಗೆ ಹೊರಟು ನಿಂತಿದ್ದರು.

ಡಾಕ್ಟರಮ್ಮ ತೋಳು, ಬೆನ್ನು, ಕುತ್ತಿಗೆ ಎಲ್ಲ ನೋಡಿದರು. "ಚೆನ್ನಾಗಿದೆ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ಸಾಮಾನ್ಯವಾಗಿ ಆರು ವಾರದೊಳಗೆ ಇದು ತಾನಾಗೇ ಹೋಗುತ್ತೆ. ನಾಳೆಯಿಂದ ಆಫೀಸಿಗೆ ಹೋಗಬಹುದು."

ಮಿಲಿಮೀಟರ್ ಗಂಟಲು ಸರಿಮಾಡಿಕೊಂಡರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಡಾಕ್ಟ್ರೇ, ನೀವೇ ಆರು ವಾರ ಅಂದ್ರಿ. ಅರ್ಧಂಬರ್ಧ ಮಾಡೋದು ಸರಿಯಲ್ಲ. ವಿಶ್ರಾಂತಿಗೂ ಆರು ವಾರ ಅಂತಲೇ ಬರೆದುಬಿಡಿ."

ಡಾಕ್ಟರಮ್ಮ ಪೆನ್ನು ಎತ್ತಿದರು. ಅಷ್ಟರಲ್ಲಿ ಹೆಂಡತಿ ಕೆಂಪು ದದ್ದುಗಳೆದ್ದ ತಮ್ಮ ಎಡ ತೋಳನ್ನು ಸರ್ರನೆ ಮೇಜಿನ ಮೇಲೆ ಚಾಚಿದರು.

"ಬರೀರಿ ಡಾಕ್ಟ್ರೇ. ಆದ್ರೆ ಮೊದಲು ಆ ಮಾತ್ರೆ ನನಗೂ ಆರು ವಾರಕ್ಕೆ ಬರೆದುಕೊಡಿ."